ರಿಸರ್ವ್ ರೋಸ್ಟರಿನಲ್ಲಿರುವ ಕ್ಯಾಬಿನ್ ಸಿಬ್ಬಂದಿ ಯೂನಿಯನ್ನಿನ ನೆರವು ಪಡೆಯುವ ಬಗೆ

ವಿಮಾನದ ಕ್ಯಾಬಿನ್ ಸಿಬ್ಬಂದಿಯ ತಿಂಗಳ ರೋಸ್ಟರಿನಲ್ಲಿ, ಅಂದರೆ ಕರ್ತವ್ಯದ ಪಟ್ಟಿಯಲ್ಲಿ, ಕೆಲವು ದಿನಗಳಿಗೆ ವಿಮಾನದ ಸಂಖ್ಯೆಯಾಗಲಿ ಊರಿನ ಹೆಸರಾಗಲಿ ಇರುವುದಿಲ್ಲ. ‘ಸ್ಟ್ಯಾಂಡ್‌ಬೈ’ ಅಥವಾ ‘ರಿಸರ್ವ್’ ಎಂಬ ಗುರುತು, ಅದರ ಪಕ್ಕದಲ್ಲಿ ಆರಂಭದ ಮತ್ತು ಮುಕ್ತಾಯದ ವೇಳೆ, ಇಷ್ಟೇ ಇರುತ್ತದೆ. ಆ ಅವಧಿಯಲ್ಲಿ ಸಹೋದ್ಯೋಗಿಯೊಬ್ಬರು ಕಾಯಿಲೆ ಬಿದ್ದರೆ, ಹಿಂದಿನ ವಿಮಾನ ತಡವಾಗಿ ಅದರಲ್ಲಿದ್ದ ಸಿಬ್ಬಂದಿಯ ಕರ್ತವ್ಯದ ಮಿತಿ ಮುಗಿದುಹೋದರೆ, ಮಳೆಯಿಂದಾಗಿ ವಿಮಾನಗಳು ಬೇರೆ ಊರಿಗೆ ತಿರುಗಿದರೆ, ಸಿಬ್ಬಂದಿಗೆ ಕರ್ತವ್ಯ ಹಂಚುವ ಕ್ರೂ ಷೆಡ್ಯೂಲಿಂಗ್ ವಿಭಾಗದಿಂದ ಫೋನ್ ಬರುತ್ತದೆ ಮತ್ತು ಹೊರಡಬೇಕಾಗುತ್ತದೆ. ಫೋನ್ ಬಾರದಿದ್ದರೆ ದಿನವಿಡೀ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಟ್ಟು ಕಾದದ್ದಷ್ಟೇ ಉಳಿಯುತ್ತದೆ. ಹಾರಾಟದ ಗಂಟೆಗಳ ಲೆಕ್ಕದಲ್ಲಿ ಸಿಗುವ ಭತ್ಯೆ ಆ ದಿನಕ್ಕೆ ಸಿಗುವುದೋ ಇಲ್ಲವೋ ಎಂಬುದು ಕಂಪನಿಯ ನಿಯಮವನ್ನು ಅವಲಂಬಿಸಿರುತ್ತದೆ. ಮುಂಬಯಿಯ ಮರೋಳ, ಚಕಾಲಾ, ಜೆ.ಬಿ. ನಗರ, ಕಲೀನಾ ಕಡೆಗಳಲ್ಲಿ ಮೂವರು ನಾಲ್ವರು ಸೇರಿ ಮನೆ ಮಾಡಿಕೊಂಡಿರುವ ಸಿಬ್ಬಂದಿಯಲ್ಲಿ ಮಂಗಳೂರು, ಉಡುಪಿ, ಹುಬ್ಬಳ್ಳಿ, ಮೈಸೂರಿನಿಂದ ಬಂದ ನಮ್ಮ ಮಕ್ಕಳೂ ಇದ್ದಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರಿಗೆ ರಿಸರ್ವ್‌ನ ನಿಯಮವನ್ನು ವಿವರಿಸಿ ಹೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಈ ಬರಹ ಅವರಿಗಾಗಿ ಮತ್ತು ಅವರಿಗೆ ನೆರವಾಗಬೇಕಾದ ಯೂನಿಯನ್ ಕಾರ್ಯಕರ್ತರಿಗಾಗಿ.

ನಿಗದಿತ ವಿಮಾನದಲ್ಲಿ ಹೋಗುವವರು ಒಂದು ತಂಡವಾಗಿ ಕೆಲಸ ಮಾಡುತ್ತಾರೆ. ಅನ್ಯಾಯವೊಂದು ನಡೆದರೆ ಅದನ್ನು ಕಂಡವರು ಜೊತೆಯಲ್ಲಿಯೇ ಇರುತ್ತಾರೆ. ರಿಸರ್ವ್‌ನಲ್ಲಿರುವವರು ಒಂಟಿ. ಬೆಳಗಿನ ಜಾವ ಬಂದ ಕರೆಗೆ ಸಾಕ್ಷಿಯಿಲ್ಲ, ಕಂಪನಿಯ ರೋಸ್ಟರ್ ಆ್ಯಪ್‌ನಲ್ಲಿ ಬದಲಾದ ವೇಳೆಗೆ ಗುರುತಿಲ್ಲ, ಪಕ್ಕದ ಮನೆಯ ಸಹೋದ್ಯೋಗಿಗೂ ಅದೇ ವಾರ ಅದೇ ಆಗಿದೆಯೆಂಬುದು ಗೊತ್ತಾಗುವುದಿಲ್ಲ. ಆದ್ದರಿಂದ ಇಲ್ಲಿ ಯೂನಿಯನ್ನಿನ ನೆರವೆಂದರೆ ಮುಖ್ಯವಾಗಿ ಎರಡು ಕೆಲಸ: ಒಬ್ಬೊಬ್ಬರಿಗೆ ಆದದ್ದನ್ನು ಬರಹಕ್ಕೆ ಇಳಿಸುವುದು, ಹಾಗೆ ಬರೆದದ್ದನ್ನು ಒಟ್ಟುಗೂಡಿಸಿ ಕೇಳುವುದು. ಮುಂದೆ ಹೇಳುವುದೆಲ್ಲ ಈ ಎರಡರ ವಿಸ್ತಾರವೇ.

ಮೊದಲು ಓದಬೇಕಾದ ಕಾಗದಗಳು

ನೇಮಕಾತಿ ಪತ್ರ, ಕಂಪನಿಯ ಸೇವಾ ನಿಯಮಗಳು ಮತ್ತು ಕ್ಯಾಬಿನ್ ಸಿಬ್ಬಂದಿಯ ಕೈಪಿಡಿಯಲ್ಲಿ ಕರ್ತವ್ಯದ ಅವಧಿಯನ್ನು ಕುರಿತ ಅಧ್ಯಾಯ, ಇವು ಮೂರನ್ನೂ ಕೈಯಲ್ಲಿಟ್ಟುಕೊಳ್ಳಬೇಕು. ಇವುಗಳ ಮೇಲಿರುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮ. ಹಾರಾಟದ ಮತ್ತು ಕರ್ತವ್ಯದ ಗಂಟೆಗಳ ಮಿತಿಯನ್ನೂ ವಿಶ್ರಾಂತಿಯನ್ನೂ ಹೇಳುವ ಭಾಗಗಳು ಸಿವಿಲ್ ಏವಿಯೇಷನ್ ರಿಕ್ವೈರ್‌ಮೆಂಟ್ಸ್‌ನ ಸೆಕ್ಷನ್ 7, ಸೀರೀಸ್ ಜೆಯಲ್ಲಿವೆ. ಅವನ್ನು ಡಿಜಿಸಿಎ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೈಲಟ್‌ಗಳ ಭಾಗ ಬೇರೆ, ಕ್ಯಾಬಿನ್ ಸಿಬ್ಬಂದಿಯ ಭಾಗ ಬೇರೆ ಎಂಬುದನ್ನು ಮರೆಯಬಾರದು. 2025ರ ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ಟಿವಿಯಲ್ಲಿ ದಿನವಿಡೀ ಚರ್ಚೆಯಾದದ್ದು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದ ಹೊಸ ನಿಯಮ. ತಮ್ಮ ಭಾಗದಲ್ಲಿ ಏನಿದೆಯೆಂದು ನೋಡದೆ, ಅದನ್ನು ಕೇಳಿಯೇ ತಮಗೂ 48 ಗಂಟೆ ಸಿಗಬೇಕೆಂದು ಷೆಡ್ಯೂಲಿಂಗ್‌ನವರೊಂದಿಗೆ ವಾದಿಸಹೊರಟು ಅಂಕಿ ತಪ್ಪಾದರೆ, ಅದೊಂದರಿಂದಾಗಿ ಉಳಿದ ಸರಿಯಾದ ಮಾತುಗಳೂ ಬೆಲೆ ಕಳೆದುಕೊಳ್ಳುತ್ತವೆ. ಆದರೆ ಆ ಘಟನೆಯಿಂದ ಕಲಿಯಬೇಕಾದ ಒಂದು ಸಂಗತಿಯಿದೆ: ಪೈಲಟ್‌ಗಳ ಆ ನಿಯಮ ತಾನಾಗಿ ಜಾರಿಗೆ ಬರಲಿಲ್ಲ, ಅವರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದ ಮೇಲೆಯೇ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತಗಳಾಗಿ ಜಾರಿಗೊಳಿಸುವ ವೇಳಾಪಟ್ಟಿ ಗಟ್ಟಿಯಾಯಿತು.

ಓದುವಾಗ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಮನೆಯಲ್ಲಿದ್ದು ಮಾಡುವ ಸ್ಟ್ಯಾಂಡ್‌ಬೈಗೂ ವಿಮಾನ ನಿಲ್ದಾಣದಲ್ಲಿ ಕುಳಿತು ಮಾಡುವ ಸ್ಟ್ಯಾಂಡ್‌ಬೈಗೂ ಲೆಕ್ಕ ಬೇರೆ ಬೇರೆ. ಯಾವುದರ ಎಷ್ಟು ಪಾಲು ಕರ್ತವ್ಯದ ಅವಧಿಗೆ ಸೇರುತ್ತದೆ? ಕರೆ ಬಂದ ಮೇಲೆ ರಿಪೋರ್ಟಿಂಗ್‌ಗೆ, ಅಂದರೆ ಕರ್ತವ್ಯಕ್ಕೆ ಹಾಜರಾಗಲು, ಕನಿಷ್ಠ ಎಷ್ಟು ಸಮಯ ಕೊಡಬೇಕು? ಕರೆ ಬಾರದೆ ಸ್ಟ್ಯಾಂಡ್‌ಬೈ ಮುಗಿದರೆ ಮುಂದಿನ ಕರ್ತವ್ಯಕ್ಕೆ ಮುಂಚೆ ಎಷ್ಟು ವಿಶ್ರಾಂತಿ? ಫೋನ್ ಎತ್ತದಿದ್ದರೆ ಎಷ್ಟು ಬಾರಿ ಪ್ರಯತ್ನಿಸಿದ ಮೇಲೆ ಗೈರುಹಾಜರಿಯೆಂದು ದಾಖಲಿಸುತ್ತಾರೆ? ತಿಂಗಳಿಗೆ ಕನಿಷ್ಠ ಇಷ್ಟು ಗಂಟೆಯ ಭತ್ಯೆ ಖಾತ್ರಿಯೆಂಬ ಮಾತು ಎಲ್ಲಾದರೂ ಇದೆಯೇ? ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. 2025ರ ಡಿಸೆಂಬರ್ 25ರಿಂದ ನವಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನಗಳ ಓಡಾಟ ಶುರುವಾಗಿರುವುದರಿಂದ, ಸಾಂತಾಕ್ರೂಜ್‌ನ ಟರ್ಮಿನಲ್ 1 (ಟಿ1), ಸಹಾರದ ಟರ್ಮಿನಲ್ 2 (ಟಿ2), ಉಲ್ವೆಯ ಹೊಸ ನಿಲ್ದಾಣ, ಈ ಮೂರರಲ್ಲಿ ಎಲ್ಲಿಗೆ ಬೇಕಾದರೂ ಕರೆಯಬಹುದೇ ಎಂಬುದು ಬರಹದಲ್ಲಿರಬೇಕು. ಮರೋಳದಿಂದ ಸಹಾರಕ್ಕೆ ಹೋಗುವ ಹೊತ್ತೂ ಉಲ್ವೆಗೆ ಹೋಗುವ ಹೊತ್ತೂ ಒಂದೇ ಅಲ್ಲ. ರಿಪೋರ್ಟಿಂಗ್ ಸಮಯ ಮಾತ್ರ ಹಿಂದಿನಷ್ಟೇ ಉಳಿದರೆ ಆ ವ್ಯತ್ಯಾಸವೆಲ್ಲ ಸಿಬ್ಬಂದಿಯ ನಿದ್ದೆಯಿಂದಲೇ ಕಳೆದುಹೋಗುತ್ತದೆ.

ಹಾಳೆಯಲ್ಲಿ ಉತ್ತರ ಸಿಗದ ಪ್ರಶ್ನೆಗಳನ್ನು ಹಾಗೆಯೇ ಬಿಟ್ಟು ಯೂನಿಯನ್ನಿನವರಿಗೆ ತೋರಿಸಬೇಕು. ನಿಯಮವೇ ಇಲ್ಲದ ಜಾಗ ಯಾವುದೆಂದು ಅವರಿಗೆ ತಿಳಿಯುವುದು ಇದರಿಂದಲೇ, ಮುಂದಿನ ಮಾತುಕತೆಯ ಬೇಡಿಕೆಗಳು ಹುಟ್ಟುವುದೂ ಅಲ್ಲಿಂದಲೇ.

ದಿನಚರಿ ಬರೆಯುವುದು

ಒಂದು ಚಿಕ್ಕ ಪುಸ್ತಕ ಸಾಕು. ಪ್ರತಿ ರಿಸರ್ವ್ ದಿನಕ್ಕೂ, ಕರೆ ಬಂದರೂ ಬಾರದಿದ್ದರೂ, ಕೆಲವು ಸಾಲು ಬರೆಯಬೇಕು. ಮಾದರಿಗೆ ಹೀಗೆ: ‘ಮನೆಯಲ್ಲಿ ಸ್ಟ್ಯಾಂಡ್‌ಬೈ, ಬೆಳಿಗ್ಗೆ 4ರಿಂದ. 6:42ಕ್ಕೆ ಷೆಡ್ಯೂಲಿಂಗ್‌ನಿಂದ ಕರೆ. 8:15ಕ್ಕೆ ಟಿ2ರಲ್ಲಿ ರಿಪೋರ್ಟಿಂಗ್ ಎಂದರು. ಕ್ಯಾಬ್ 7:50ಕ್ಕೆ ಬಂತು. ಅಂಧೇರಿ ಸಬ್‌ವೇಯಲ್ಲಿ ನೀರು ನಿಂತಿದ್ದರಿಂದ ಸುತ್ತುಹಾಕಿ ಬಂದಿರುವುದಾಗಿ ಚಾಲಕರು ಹೇಳಿದರು. 8:31ಕ್ಕೆ ತಲುಪಿದೆ. ತಡವೆಂದು ದಾಖಲಾಯಿತು.’ ಇಷ್ಟು ಬರಹವಿದ್ದರೆ, ಮೂರು ತಿಂಗಳ ನಂತರ ಶಿಸ್ತುಕ್ರಮದ ನೋಟಿಸ್ ಬಂದಾಗ ‘ನನಗೆ ನೆನಪಿಲ್ಲ’ ಎಂದು ತಲೆ ತಗ್ಗಿಸಬೇಕಾಗುವುದಿಲ್ಲ. ಕೋಪ, ಬೇಸರ, ಅಧಿಕಾರಿಯ ಸ್ವಭಾವದ ವಿಮರ್ಶೆ ಇವನ್ನು ಅದರಲ್ಲಿ ಬರೆಯಬಾರದು. ನಾಳೆ ಆ ಪುಸ್ತಕವನ್ನು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಓದಬಹುದೆಂಬ ಎಚ್ಚರವಿರಬೇಕು.

ರೋಸ್ಟರ್ ಪ್ರಕಟವಾದ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಬೇಕು, ಬದಲಾವಣೆ ಬಂದಾಗಲೆಲ್ಲ ಮತ್ತೊಂದು ತೆಗೆಯಬೇಕು, ಏಕೆಂದರೆ ಆ್ಯಪ್ ತೋರಿಸುವುದು ಇವತ್ತಿನ ಸ್ಥಿತಿಯನ್ನೇ ಹೊರತು ನಿನ್ನೆ ಏನಿತ್ತೆಂಬುದನ್ನಲ್ಲ. ಕೆಲವು ಕಂಪನಿಗಳ ರೋಸ್ಟರಿನಲ್ಲಿ ವೇಳೆ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ, ಲೆಕ್ಕದಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ವೇಳೆ. ಮಧ್ಯರಾತ್ರಿಯ ಆಸುಪಾಸಿನ ಸ್ಟ್ಯಾಂಡ್‌ಬೈಗಳಲ್ಲಿ ತಾರೀಖೇ ಬದಲಾಗುವುದರಿಂದ ಎರಡೂ ವೇಳೆಗಳನ್ನು ಅಕ್ಕಪಕ್ಕ ಬರೆದಿಡುವುದು ಕ್ಷೇಮ. ಪ್ರಯಾಣಿಕರ ವಿವರ, ಸುರಕ್ಷತೆಗೆ ಸಂಬಂಧಿಸಿದ ಗೋಪ್ಯ ಕಾಗದ, ಕಾಕ್‌ಪಿಟ್‌ನ ಚಿತ್ರ ಇವಾವುದೂ ಈ ಸಂಗ್ರಹದಲ್ಲಿ ಇರಬಾರದು. ನಿಮ್ಮ ಕರ್ತವ್ಯದ ದಾಖಲೆ ನಿಮ್ಮದು. ಉಳಿದದ್ದನ್ನು ಇಟ್ಟುಕೊಂಡರೆ ಅದೇ ಪ್ರತ್ಯೇಕ ಆರೋಪವಾಗುತ್ತದೆ.

ಕರೆ ಬಂದಾಗ ಆಡಬೇಕಾದ ಮಾತು

ಷೆಡ್ಯೂಲಿಂಗ್ ಮೇಜಿನ ಆ ಕಡೆ ಕುಳಿತವರೂ ಪಾಳಿಯ ಕೆಲಸಗಾರರೇ, ಹೆಚ್ಚಿನವರು ವಯಸ್ಸಿನಲ್ಲಿ ಚಿಕ್ಕವರು, ಖಾಲಿಯಾದ ಒಂದು ಸೀಟನ್ನು ತುಂಬಲೇಬೇಕೆಂಬ ಒತ್ತಡ ಅವರ ಮೇಲೂ ಇರುತ್ತದೆ. ಅವರೊಡನೆ ಜಗಳವಾಡಿ ಗೆದ್ದವರನ್ನು ನಾನು ಕಂಡಿಲ್ಲ. ವಿಶ್ರಾಂತಿ ಸಾಲದೆಂದು ಅನಿಸಿದರೆ ಹೀಗೆ ಕೇಳಬಹುದು: ‘ಸರ್, ನಾನು ಬರುವುದಿಲ್ಲವೆಂದು ಹೇಳುತ್ತಿಲ್ಲ. ನಿನ್ನೆಯ ಕರ್ತವ್ಯ ಮುಗಿದದ್ದು ರಾತ್ರಿ ಇಷ್ಟು ಗಂಟೆಗೆ, ಈಗ ಕೊಟ್ಟಿರುವ ರಿಪೋರ್ಟಿಂಗ್ ಇಷ್ಟು ಗಂಟೆಗೆ. ವಿಶ್ರಾಂತಿಯ ಅವಧಿ ಸರಿಯಾಗಿದೆಯೇ ಎಂದು ನೋಡಿ, ಆ್ಯಪ್‌ನಲ್ಲಿ ಅಥವಾ ಮೇಲ್‌ನಲ್ಲಿ ದಯವಿಟ್ಟು ಖಚಿತಪಡಿಸಿ.’ ಈ ಮಾತಿನಲ್ಲಿ ನಿರಾಕರಣೆ ಇಲ್ಲ, ಆದರೆ ಲೆಕ್ಕ ನೋಡುವ ಹೊಣೆ ಕಂಪನಿಗೆ ಹೋಗುತ್ತದೆ. ಅವರು ಬಾಯಿಮಾತಿನಲ್ಲಿಯೇ ‘ಎಲ್ಲ ಸರಿಯಿದೆ, ಬನ್ನಿ’ ಎಂದರೆ, ಕೂಡಲೇ ನೀವೇ ಎರಡು ಸಾಲಿನ ಸಂದೇಶ ಕಳುಹಿಸಬೇಕು: ಇಷ್ಟು ಗಂಟೆಗೆ ಕರೆ ಬಂತು, ವಿಶ್ರಾಂತಿಯ ಬಗ್ಗೆ ಕೇಳಿದೆ, ಸರಿಯಿದೆಯೆಂದು ತಿಳಿಸಿದ್ದೀರಿ, ಅದರಂತೆ ಹೊರಡುತ್ತಿದ್ದೇನೆ. ಆಮೇಲೆ ಆ ಸಂದೇಶದ ಪ್ರತಿ ಯೂನಿಯನ್ನಿಗೆ ಹೋಗಬೇಕು.

ನಿಜವಾಗಿ ದಣಿದಿದ್ದರೆ ಮಾತ್ರ ಬೇರೆ ವಿಷಯ. ದಣಿವಿನಿಂದ ಸುರಕ್ಷತೆಗೆ ಧಕ್ಕೆಯಾಗುವಂತಿದ್ದರೆ ವಿಮಾನ ಸಿಬ್ಬಂದಿ ಕರ್ತವ್ಯಕ್ಕೆ ಇಳಿಯಬಾರದೆಂಬುದು ಜಗತ್ತಿನಾದ್ಯಂತ ವಿಮಾನಯಾನದ ಮೂಲತತ್ತ್ವ. ಕ್ಯಾಬಿನ್ ಸಿಬ್ಬಂದಿಯ ಮೊದಲ ಕೆಲಸ ಊಟ ಬಡಿಸುವುದಲ್ಲ; ಹೊಗೆ ತುಂಬಿದ ಕ್ಯಾಬಿನ್ನಿನಿಂದ 90 ಸೆಕೆಂಡುಗಳಲ್ಲಿ ಎಲ್ಲರನ್ನೂ ಹೊರಗೆ ಕಳುಹಿಸಬಲ್ಲ ಎಚ್ಚರ ಅವರಲ್ಲಿರಬೇಕು. ಆಗ ಕಾಯಿಲೆಯೆಂದು ಸುಳ್ಳು ಹೇಳದೆ, ದಣಿವೆಂದೇ ತಿಳಿಸಿ, ಕಂಪನಿಯ ದಣಿವಿನ ವರದಿಯ ಫಾರ್ಮ್ ತುಂಬಿಸಬೇಕು. ಕಾಯಿಲೆಯ ರಜೆಯೆಂದು ಬರೆದರೆ ರೋಸ್ಟರಿನ ದೋಷ ದಾಖಲೆಯಲ್ಲಿ ಕಾಣುವುದೇ ಇಲ್ಲ. ನಿಮ್ಮ ಆರೋಗ್ಯದ ದೋಷ ಮಾತ್ರ ಕಾಣುತ್ತದೆ.

ಕರೆಗೆ ಕಾಯುವ ಹೊತ್ತಿನ ಶಿಸ್ತೂ ಮುಖ್ಯ. ಕರ್ತವ್ಯಕ್ಕೆ ಮುಂಚಿನ 12 ಗಂಟೆಗಳಲ್ಲಿ ಮದ್ಯ ಸೇವಿಸಬಾರದೆಂಬ ಡಿಜಿಸಿಎ ನಿಯಮವನ್ನು ರಿಸರ್ವ್‌ನಲ್ಲಿರುವವರು ಸ್ಟ್ಯಾಂಡ್‌ಬೈ ಆರಂಭವಾಗುವ ವೇಳೆಯಿಂದಲೇ ಹಿಂದಕ್ಕೆ ಎಣಿಸಬೇಕು, ಏಕೆಂದರೆ ಮೊದಲ ನಿಮಿಷದಲ್ಲಿಯೇ ಕರೆ ಬರಬಹುದು. ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರನ್ನು ಯಾವ ಯೂನಿಯನ್ನೂ ಸುಲಭವಾಗಿ ಉಳಿಸಲಾರದು. ನೆಗಡಿಯ ಔಷಧ, ಮೌತ್‌ವಾಷ್ ಇವುಗಳಲ್ಲಿಯೂ ಆಲ್ಕೋಹಾಲ್ ಇರುವುದುಂಟು. ಔಷಧವನ್ನು ಕಂಪನಿಯ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಆಲ್ಕೋಹಾಲ್ ಇರುವ ಮೌತ್‌ವಾಷ್ ಬಳಸಬಾರದು.

ಯೂನಿಯನ್ ಸೇರುವುದು, ದೂರು ಒಯ್ಯುವುದು

ಊರಿನಲ್ಲಿರುವ ತಂದೆತಾಯಿಗೆ ಯೂನಿಯನ್ ಎಂದರೆ ಗಲಾಟೆ, ಕೆಲಸ ಹೋಗುವ ದಾರಿ ಎಂಬ ಭಯವಿರುವುದು ಸಹಜ. ಆದರೆ ಮುಂಬಯಿಯ ಕನ್ನಡಿಗರಿಗೆ ಇದು ಹೊಸ ವಿಷಯವೇನೂ ಅಲ್ಲ. ಮಂಗಳೂರಿನಿಂದ ಬಂದ ಜಾರ್ಜ್ ಫೆರ್ನಾಂಡಿಸ್ ಈ ನಗರದ ಟ್ಯಾಕ್ಸಿ ಚಾಲಕರನ್ನೂ ಇತರ ಕೆಲಸಗಾರರನ್ನೂ ಸಂಘಟಿಸಿಯೇ ದೇಶಕ್ಕೆ ಪರಿಚಿತರಾದರು. ಗಗನಸಖಿಯರ ಮಟ್ಟಿಗಂತೂ ಇಂದು ಸಹಜವೆನಿಸುವ ಹಕ್ಕುಗಳು ಹೋರಾಡಿ ಪಡೆದವು: ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1981ರಲ್ಲಿ, ನರ್ಗೇಶ್ ಮಿರ್ಜಾ ಮತ್ತು ಅವರ ಸಹೋದ್ಯೋಗಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಹಳೆಯ ಟ್ರೇಡ್ ಯೂನಿಯನ್ ಕಾಯ್ದೆ ಮತ್ತು ಕೈಗಾರಿಕಾ ವಿವಾದ ಕಾಯ್ದೆಗಳ ಜಾಗದಲ್ಲಿ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ನಿಂತಿದೆ. ಸಿಬ್ಬಂದಿಗೆ ಬೇಕಾದ ಅಂಶಗಳನ್ನಷ್ಟೇ ಹೇಳುತ್ತೇನೆ. ಒಂದೇ ಸಂಸ್ಥೆಯಲ್ಲಿ ಹಲವು ಯೂನಿಯನ್‌ಗಳಿದ್ದರೆ ಶೇಕಡಾ 51ರಷ್ಟು ಕೆಲಸಗಾರರ ಬೆಂಬಲವಿರುವುದು ಆಡಳಿತದೊಂದಿಗೆ ಮಾತುಕತೆ ನಡೆಸುವ ಏಕೈಕ ಯೂನಿಯನ್ ಆಗುತ್ತದೆ. ಅಷ್ಟು ಯಾರಿಗೂ ಇಲ್ಲದಿದ್ದರೆ ಕನಿಷ್ಠ ಶೇಕಡಾ 20ರಷ್ಟು ಬೆಂಬಲವುಳ್ಳವು ಸೇರಿ ಮಾತುಕತೆಯ ಮಂಡಳಿಯಾಗುತ್ತವೆ. ಆದ್ದರಿಂದ ಸದಸ್ಯತ್ವ ಕೇವಲ ಚಂದಾ ಕೊಡುವ ಮಾತಲ್ಲ, ಎಣಿಕೆಯ ಮಾತು. 20 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಅದರಲ್ಲಿ ಆಡಳಿತದವರೂ ಕೆಲಸಗಾರರೂ ಸಮಸಂಖ್ಯೆಯಲ್ಲಿರಬೇಕು. ಘಟನೆಯಾದ ಒಂದು ವರ್ಷದೊಳಗೆ ದೂರು ಕೊಡಬಹುದು, ಸಮಿತಿ 30 ದಿನಗಳಲ್ಲಿ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಸಂಧಾನಾಧಿಕಾರಿಯ ಬಳಿ ಹೋಗುವ ದಾರಿಯಿದೆ, ಆದರೆ ಆ ಅರ್ಜಿ ಹೋಗಬೇಕಾದದ್ದು ನೀವು ಸದಸ್ಯರಾಗಿರುವ ಯೂನಿಯನ್ನಿನ ಮೂಲಕ. ತೊಂದರೆ ಬಂದ ಮೇಲೆ ಸೇರೋಣವೆಂದು ಕಾಯುವವರಿಗೆ ಈ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿಸುತ್ತೇನೆ.

ವಿಮಾನಯಾನದ ಮಟ್ಟಿಗೆ ಸಂಬಂಧಪಟ್ಟದ್ದು ಕೇಂದ್ರ ಸರ್ಕಾರ. ಹಾಗಾಗಿ ಮಹಾರಾಷ್ಟ್ರ ಸರ್ಕಾರದ ಕಾರ್ಮಿಕ ಕಚೇರಿಗೆ ಅಲೆದು ಪ್ರಯೋಜನವಿಲ್ಲ. ಮುಂಬಯಿಯಲ್ಲಿ ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆಯ ಕಚೇರಿ ಸಾಯನ್‌ನ ಶ್ರಮ ರಕ್ಷಾ ಭವನದಲ್ಲಿದೆ. ಅಲ್ಲಿಗೆ ಹೋಗುವಾಗ ದಿನಚರಿಯ ಪ್ರತಿ, ರೋಸ್ಟರಿನ ಹಳೆಯ ಮತ್ತು ಹೊಸ ರೂಪಗಳು, ಕಂಪನಿಗೆ ಕಳುಹಿಸಿದ ಸಂದೇಶಗಳು, ಇವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ಯೂನಿಯನ್ ಪದಾಧಿಕಾರಿಯೊಂದಿಗೆ ಹೋಗಬೇಕು. ಕೆಲಸದ ಗಂಟೆ ಮತ್ತು ವಿಶ್ರಾಂತಿಯ ವಿರಾಮಗಳಂತಹ ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ ಮಾಲೀಕರು 21 ದಿನಗಳ ನೋಟಿಸ್ ಕೊಡಬೇಕೆಂಬ ನಿಯಮ ಹಳೆಯ ಕಾಯ್ದೆಯಲ್ಲಿಯೂ ಇತ್ತು, ಹೊಸ ಸಂಹಿತೆಯಲ್ಲಿಯೂ ಇದೆ. ರಿಸರ್ವ್ ಪದ್ಧತಿಯನ್ನೇ ಒಂದು ಮೇಲ್‌ನಿಂದ ಬದಲಿಸಿದ್ದರೆ ಮೊದಲು ಎತ್ತಬೇಕಾದ ಪ್ರಶ್ನೆ ಅದು. ಯೂನಿಯನ್ ಸೇರಿದ್ದಕ್ಕೆ ಬೆದರಿಸುವುದು ಅನುಚಿತ ಕಾರ್ಮಿಕ ನೀತಿಯ ಪಟ್ಟಿಯಲ್ಲಿದೆ. ಕ್ಯಾಬಿನ್ನಿನ ಮುಖ್ಯಸ್ಥೆಯಾಗಿ ಬಡ್ತಿ ಪಡೆದವರು ಮಾತ್ರ ಮೇಲ್ವಿಚಾರಕರೆಂಬ ಕಾರಣಕ್ಕೆ ‘ಕೆಲಸಗಾರ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆಯೇ ಎಂಬುದನ್ನು ವಕೀಲರಿಂದ ತಿಳಿದುಕೊಳ್ಳಬೇಕು; ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು.

ಸಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ರಜೆ ಹಾಕೋಣವೆಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಬೇಗ ಹಬ್ಬುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಅಪಾಯಕರವಾದ ದಾರಿ ಇನ್ನೊಂದಿಲ್ಲ. ಹೊಸ ಸಂಹಿತೆಯ ಪ್ರಕಾರ ಶೇಕಡಾ 50 ಅಥವಾ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ; ಮುಷ್ಕರಕ್ಕೆ ಮೊದಲೇ ನೋಟಿಸ್ ಕೊಟ್ಟು 14 ದಿನ ಕಾಯಬೇಕು, ಸಂಧಾನ ನಡೆಯುತ್ತಿರುವಾಗ ಮಾಡುವಂತಿಲ್ಲ. 2024ರ ಮೇ ತಿಂಗಳಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಸಾಮೂಹಿಕವಾಗಿ ಕಾಯಿಲೆಯ ರಜೆ ಹಾಕಿದಾಗ 25 ಮಂದಿಯನ್ನು ವಜಾ ಮಾಡಲಾಯಿತು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ಯೂನಿಯನ್ ಮತ್ತು ಆಡಳಿತದ ನಡುವೆ ಸಂಧಾನವಾದ ಮೇಲೆ ಅವರನ್ನು ಮರಳಿ ತೆಗೆದುಕೊಳ್ಳಲು ಕಂಪನಿ ಒಪ್ಪಿತು. ಅವರನ್ನು ಉಳಿಸಿದ್ದು ಆ ಸಂಧಾನದ ಮೇಜು. ರಜೆಗೆ ಮುಂಚೆಯೇ ಅಲ್ಲಿಗೆ ಹೋಗುವುದು ಮೇಲು.

ಯೂನಿಯನ್ನಿನವರು ಮಾಡಬೇಕಾದದ್ದು

ಅಮೆರಿಕದ ಅಸೋಸಿಯೇಷನ್ ಆಫ್ ಫ್ಲೈಟ್ ಅಟೆಂಡೆಂಟ್ಸ್ ಯೂನಿಯನ್ನಿನಲ್ಲಿ ರಿಸರ್ವ್ ಸಿಬ್ಬಂದಿಗೆಂದೇ ಸಮಿತಿಗಳು ಕೆಲಸ ಮಾಡುತ್ತವೆ. ಅಲ್ಲಿ ಹಿರಿತನದ ಮೇಲೆ ರೋಸ್ಟರ್ ಸಿಗುವುದರಿಂದ ರಿಸರ್ವ್ ಹೆಚ್ಚಾಗಿ ಕಿರಿಯರ ಪಾಲಿಗೆ ಬರುತ್ತದೆ. ಅವರ ಕಾನೂನೂ ನಮ್ಮದಲ್ಲ. ಆದರೂ ಆ ಏರ್ಪಾಡಿನ ತಿರುಳು ಇಲ್ಲಿಗೂ ಸಲ್ಲುತ್ತದೆ: ರಿಸರ್ವ್‌ನ ದೂರುಗಳನ್ನು ಬೇರೆ ದೂರುಗಳ ರಾಶಿಗೆ ಹಾಕದೆ, ಅದನ್ನು ಬಲ್ಲ ಕೆಲವರ ಕೈಗೆ ಒಪ್ಪಿಸಬೇಕು. ಈಗಲೋ ಹಿಂದೆಯೋ ರಿಸರ್ವ್‌ನಲ್ಲಿ ದುಡಿದ ನಾಲ್ಕೈದು ಮಂದಿ ಸಿಕ್ಕರೆ ಸಮಿತಿ ಶುರುವಾಗಬಹುದು. ಅವರು ಸರದಿಯ ಮೇಲೆ ರಾತ್ರಿ ಫೋನ್ ನೋಡಿಕೊಳ್ಳಬೇಕು, ಏಕೆಂದರೆ ಲೋಕಲ್ ರೈಲುಗಳು ನಿಂತ ಹೊತ್ತಿನಲ್ಲಿ ಪಿಕಪ್ ಕ್ಯಾಬ್ ಬಾರದೆ ಕಟ್ಟಡದ ಗೇಟಿನ ಬಳಿ ನಿಂತ ಹುಡುಗಿಗೆ ಬೇಕಾದ ನೆರವು ಮರುದಿನ ಹನ್ನೊಂದು ಗಂಟೆಗೆ ತೆರೆಯುವ ಕಚೇರಿಯಿಂದ ಸಿಗಲಾರದು. ಫೋನ್ ಎತ್ತಿದವರು ಕಾನೂನು ಹೇಳುವ ಮುಂಚೆ ಕೇಳಬೇಕಾದದ್ದು, ‘ನೀವು ಈಗ ಸುರಕ್ಷಿತವಾದ ಜಾಗದಲ್ಲಿದ್ದೀರಾ?’ ಎಂದು. ಕಿರಿಯರು ‘ಅಕ್ಕ’, ‘ಅಣ್ಣ’ ಎಂದು ಕರೆದು ಮಾತಾಡಬಲ್ಲಷ್ಟು ಸಲುಗೆ ಇದ್ದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ಲೈಂಗಿಕ ಕಿರುಕುಳದ ದೂರಾದರೆ ಅದನ್ನು ಸಮಿತಿ ತಾನೇ ವಿಚಾರಿಸಬಾರದು. 2013ರ ಕಾಯ್ದೆಯಂತೆ ಕಂಪನಿಯ ಆಂತರಿಕ ಸಮಿತಿಗೆ ದೂರು ಬರೆಯಲು ನೆರವಾಗಬೇಕು, ಹೆಸರನ್ನು ಗೋಪ್ಯವಾಗಿಡಬೇಕು.

ತಿಂಗಳ ಕೊನೆಗೆ ಎಲ್ಲರ ದಿನಚರಿಗಳಿಂದ ಒಂದು ಪಟ್ಟಿ ಮಾಡಬೇಕು: ಸ್ಟ್ಯಾಂಡ್‌ಬೈ ದಿನಗಳು ಯಾರ ಪಾಲಿಗೆ ಎಷ್ಟು ಬಂದವು, ಎಷ್ಟು ಕರೆಗಳು ಅವಧಿಯ ಕೊನೆಯ ಗಂಟೆಯಲ್ಲಿ ಬಂದವು, ವಿಶ್ರಾಂತಿಯ ನಡುವೆ ಎಷ್ಟು ಬಾರಿ ಫೋನ್ ಬಂತು, ರಜೆಯ ದಿನ ಎಷ್ಟು ಬಾರಿ ಸ್ಟ್ಯಾಂಡ್‌ಬೈ ಆಗಿ ಬದಲಾಯಿತು. ಒಬ್ಬರ ದೂರಿಗೆ ‘ಅದೊಂದು ಅಪವಾದ’ ಎಂದು ಆಡಳಿತ ಉತ್ತರಿಸಬಹುದು. ಮೂವತ್ತು ಮಂದಿಯ ಪಟ್ಟಿಯೆದುರು ಆ ಉತ್ತರ ನಿಲ್ಲುವುದಿಲ್ಲ. ಪಟ್ಟಿಯಲ್ಲಿ ಹೆಸರುಗಳಿರಬಾರದು, ಮೂಲ ದಿನಚರಿಗಳು ಆಯಾ ಸದಸ್ಯರ ಬಳಿಯೇ ಉಳಿಯಬೇಕು.

ಬೇಡಿಕೆಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಇಡುವುದು ಕನಿಷ್ಠ ಗಂಟೆಗಳ ಭತ್ಯೆಯ ಖಾತ್ರಿ. ಕಾಯುವ ಹೊತ್ತಿಗೆ ಕಂಪನಿ ಬೆಲೆ ಕೊಡಬೇಕಾಗಿ ಬಂದಾಗ ಮಾತ್ರ ಅನಗತ್ಯವಾಗಿ ಕಾಯಿಸುವುದು ಕಡಿಮೆಯಾಗುತ್ತದೆ. ವಿಮಾನ ನೆಲದ ಮೇಲಿರುವಾಗಿನ ದುಡಿಮೆಗೂ ಕೂಲಿ ಬೇಕೆಂದು 2025ರ ಆಗಸ್ಟಿನಲ್ಲಿ ಏರ್ ಕೆನಡಾದ ಸುಮಾರು ಹತ್ತು ಸಾವಿರ ಕ್ಯಾಬಿನ್ ಸಿಬ್ಬಂದಿ ಮುಷ್ಕರ ಹೂಡಿದ್ದರ ಹಿಂದೆ ಇದ್ದದ್ದೂ ಇದೇ ನ್ಯಾಯ. ಸತತ ಸ್ಟ್ಯಾಂಡ್‌ಬೈ ದಿನಗಳಿಗೆ ಮಿತಿ, ಸರದಿಯಲ್ಲಿ ಸಮಾನತೆ, ಮಳೆಗಾಲದಲ್ಲಿ ಕ್ಯಾಬ್ ತಡವಾದರೆ ಸಿಬ್ಬಂದಿಯ ಹೆಸರಿಗೆ ತಡವೆಂದು ಬರೆಯಬಾರದೆಂಬ ನಿಯಮ, ಇವು ಅದರ ಹಿಂದೆ ಬರುತ್ತವೆ.

ಸಭೆಗಳನ್ನು ಕಂಪನಿಯ ಆವರಣದಲ್ಲಿಯಾಗಲಿ ಸಿಬ್ಬಂದಿ ತಂಗುವ ಹೋಟೆಲಿನಲ್ಲಿಯಾಗಲಿ ಮಾಡದಿರುವುದು ಒಳ್ಳೆಯದು. ನಮ್ಮವರಿಗೆ ಮಾಹಿಮ್‌ನ ಕರ್ನಾಟಕ ಸಂಘ, ಮಾಟುಂಗದ ಮೈಸೂರು ಅಸೋಸಿಯೇಷನ್ ಪರಿಚಿತ ಜಾಗಗಳು; ಅಂತಹ ಕಡೆ ಸಭಾಂಗಣ ಸಿಗುವುದೇ ಎಂದು ವಿಚಾರಿಸಬಹುದು. ಸ್ಟ್ಯಾಂಡ್‌ಬೈಯಲ್ಲಿರುವವರು ಮನೆ ಬಿಟ್ಟು ಬರಲಾರರು. ಆದ್ದರಿಂದ ಒಂದೇ ಸಭೆಯನ್ನು ಬೇರೆ ಬೇರೆ ವೇಳೆಗಳಲ್ಲಿ ಎರಡು ಬಾರಿ ನಡೆಸಿ, ಎರಡಕ್ಕೂ ಬರಲಾಗದವರಿಗೆ ನಿರ್ಣಯಗಳನ್ನು ಅದೇ ರಾತ್ರಿ ಬರೆದು ಕಳುಹಿಸಿ, ಮರುದಿನ ಫೋನ್ ಮಾಡಿ ಅವರ ಅಭಿಪ್ರಾಯ ಕೇಳಿ ದಾಖಲಿಸಬೇಕು. ಬೇಡಿಕೆಪತ್ರಕ್ಕೆ ಸಹಿ ಸಂಗ್ರಹಿಸುವ ಕೆಲಸವನ್ನು ಅದಾದ ಮೇಲೆಯೇ ಕೈಗೆತ್ತಿಕೊಳ್ಳಬೇಕು.